ಪಿತೃಗಳ ಪಾಲಿನ ಊಟ

ಸತ್ತವರ ಹೆಸರಿನಲ್ಲಿ ಉಂಡದ್ದು ಬದುಕಿದವರ ಮೈಗೆ ಹತ್ತುವುದಿಲ್ಲ ಎಂದು ಜಯತೀರ್ಥರು ಮೂರು ವರ್ಷ ನಂಬಿಕೊಂಡಿದ್ದರು. ನಗಬೇಡಿ. ದಡ್ಡರೇನಲ್ಲ ಅವರು. ನಾಚಾರಂನ ಬಲ್ಬು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಸ್ಟೋರ್‌ಕೀಪರ್ ಆಗಿದ್ದವರು, ಒಂದು ಸ್ಕ್ರೂ ಕಡಿಮೆ ಬಿದ್ದರೂ ಹಿಡಿದು ಕೇಳುತ್ತಿದ್ದವರು. ಆದರೆ ತನ್ನ ಹೊಟ್ಟೆಯ ವಿಷಯ ಬಂದಾಗ ಎಂಥ ಶಾಣ್ಯಾನೂ ದಾರಿ ತಪ್ಪುತ್ತಾನೆ.

ಶ್ರಾದ್ಧದ ದಿನ ತೀರಿಹೋದವರ ಸ್ಥಾನದಲ್ಲಿ ಎಲೆಯ ಮುಂದೆ ಕೂತು ಉಣ್ಣಲು ಒಬ್ಬ ಬ್ರಾಹ್ಮಣ ಬೇಕು. ಅವನು ಉಂಡರೆ ಪಿತೃಗಳು ಉಂಡಂತೆ, ಅವನಿಗೆ ತೃಪ್ತಿಯಾದರೆ ಅವರಿಗೂ ತೃಪ್ತಿಯಾದಂತೆ. ಇದಕ್ಕೆ ಬ್ರಾಹ್ಮಣಾರ್ಥ ಎನ್ನುತ್ತಾರೆ. ರಾಯಚೂರು, ಗುಲಬರ್ಗಾ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ಮನೆಗಳಿಗೆ ಲೆಕ್ಕವಿಲ್ಲ, ಬ್ರಾಹ್ಮಣಾರ್ಥಕ್ಕೆ ಕೂರಲು ಒಪ್ಪುವವರು ಮಾತ್ರ ಬೆರಳೆಣಿಕೆಯಷ್ಟು. ಹರೆಯದ ಹುಡುಗರೆಲ್ಲ ಮಾಧಾಪುರದ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಎಲೆಯ ಮುಂದೆ ಕೂರುವ ಪುರಸೊತ್ತು ಅವರಿಗೆಲ್ಲಿ?

ಕಾರ್ಖಾನೆ ನಡೆಯುತ್ತಿದ್ದಾಗ ಜಯತೀರ್ಥರು ತೆಳ್ಳಗೆ ಬಾರುಕೋಲಿನಂತಿದ್ದರು. ದಿನವೂ ತಾರ್ನಾಕದಿಂದ ನಾಚಾರಂಗೆ ನಡೆದೇ ಹೋಗುವುದು, ನಡೆದೇ ಬರುವುದು. ಜೊತೆಗೆ ಅದೇ ಸ್ಟೋರಿನ ಪ್ರಾಣೇಶ. ಹಿಮಾಯತ್‌ನಗರದಿಂದ ಬಸ್ಸಿನಲ್ಲಿ ಬಂದು ತಾರ್ನಾಕದಲ್ಲಿ ಇಳಿದು, ಗೆಳೆಯನ ಸಲುವಾಗಿ ಉಳಿದ ದಾರಿ ನಡೆಯುತ್ತಿದ್ದ ಮನುಷ್ಯ. ದಾರಿಯುದ್ದಕ್ಕೂ ಅವನ ಬಾಯಲ್ಲಿ ಮಗನದೇ ಪುರಾಣ. ‘ನಮ್ಮ ವಾದ್ಯಾ ಹಿಂಗಂದ, ನಮ್ಮ ವಾದ್ಯಾ ಹಂಗ ಮಾಡಿದ.’ ಮಧ್ಯಾಹ್ನ ಇಬ್ಬರ ಡಬ್ಬಿಯಲ್ಲೂ ಜೋಳದ ಭಕ್ರಿ, ಪುಂಡಿಪಲ್ಯ, ಒಂದು ಹಸಿಮೆಣಸಿನಕಾಯಿ. ರೋಗ ಎನ್ನುವುದು ಇನ್ನೊಬ್ಬರ ಮನೆಯ ಸುದ್ದಿಯಾಗಿತ್ತು.

ಎರಡು ಸಾವಿರದ ಇಸವಿಯಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಮರುದಿನದಿಂದ ಯಾರಿಗೂ ಜಯತೀರ್ಥರು ಬೇಡವಾದರು. ಐವತ್ತಾರರ ಗಂಡಸು ಬೆಳಗಿನ ಒಂಬತ್ತು ಗಂಟೆಗೆ ಮನೆಯಲ್ಲಿ ಕೂತರೆ ಹೆಂಡತಿಗೂ ಕಸ ಗುಡಿಸಲು ಅಡ್ಡ. ಆ ಹೊತ್ತಿಗೆ ಯಾರೋ ಬ್ರಾಹ್ಮಣಾರ್ಥಕ್ಕೆ ಕರೆದರು. ಹೋದರೆ, ಅಬ್ಬಾ, ಏನು ಮರ್ಯಾದೆ! ಸಾಫ್ಟ್‌ವೇರ್ ಮಗ ಬಗ್ಗಿ ಕಾಲು ತೊಳೆಯುತ್ತಾನೆ, ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಳ್ಳುತ್ತಾನೆ, ಉಂಡು ಏಳುವವರೆಗೆ ಮನೆಮಂದಿಯೆಲ್ಲ ಕೈಮುಗಿದು ನಿಂತಿರುತ್ತಾರೆ. ಪ್ರಾಣೇಶನನ್ನೂ ಎಳೆದುಕೊಂಡರು. ಶ್ರಾದ್ಧಕ್ಕೆ ಎರಡು ಎಲೆ ಬೇಕು, ದೇವತೆಗಳದೊಂದು, ಪಿತೃಗಳದೊಂದು. ಇಬ್ಬರೂ ಜೋಡೆತ್ತಿನಂತೆ ಮನೆಮನೆ ಉಂಡರು. ಮೊದಮೊದಲು ನಡೆದೇ ಹೋಗುತ್ತಿದ್ದರು. ಆಮೇಲೆ ಕಾರುಗಳು ಬಾಗಿಲಿಗೇ ಬರತೊಡಗಿದವು, ಆ ನಡಿಗೆಯೂ ಹೋಯಿತು.

ಶ್ರಾದ್ಧದೂಟವೆಂದರೆ ಸುಮ್ಮನೆ ಅಲ್ಲ. ಹಿಂದಿನ ರಾತ್ರಿ ಉಪವಾಸ. ಮರುದಿನ ಮಧ್ಯಾಹ್ನ ಒಂದೂವರೆಗೋ ಎರಡಕ್ಕೋ ಎಲೆ. ಅದರಲ್ಲಿ ವಡೆ, ಅತಿರಸ, ರವೆ ಉಂಡಿ, ಎಳ್ಳುಂಡಿ, ಪಾಯಸ, ಮೇಲೆ ಸುರಿಯುವ ತುಪ್ಪ. ಅವತ್ತು ರಾತ್ರಿ ಮತ್ತೆ ಉಪವಾಸ. ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯನ್ನು ಜಯತೀರ್ಥರು ಹೆಮ್ಮೆಯಿಂದ ಹೇಳುತ್ತಿದ್ದರು. ವಾರಕ್ಕೆ ಮೂರು ನಾಲ್ಕು ದಿನ ತಾವು ಯೋಗಿಗಳೇ ಎಂದು ಅವರ ಲೆಕ್ಕ. ಯೋಗಿಗಳು ಮೂರು ವರ್ಷದಲ್ಲಿ ಅರವತ್ತೆರಡು ಕಿಲೋದಿಂದ ಎಂಬತ್ತೊಂಬತ್ತಕ್ಕೆ ಬಂದರು.

ಮೊದಲು ಬಿದ್ದವನು ಪ್ರಾಣೇಶ. ಸಕ್ಕರೆ ರೋಗ ಅವನ ಬಲಗಾಲಿನ ಬೆರಳಿಗೆ ಇಳಿಯಿತು, ಬೆರಳು ಕಪ್ಪಾಯಿತು, ಕಪ್ಪು ಮೇಲೇರಿತು. ಮೊಣಕಾಲಿನ ಕೆಳಗೆ ತೆಗೆದರು. ನಾಲ್ಕು ತಿಂಗಳಿಗೆ ಮನುಷ್ಯನೇ ಹೋದ. ಇದನ್ನು ಕಣ್ಣಾರೆ ಕಂಡೂ ಜಯತೀರ್ಥರಿಗೆ ಬುದ್ಧಿ ಬರಲಿಲ್ಲ. ತಮಗೂ ಸಕ್ಕರೆ ಕಂಡು ಗುಳಿಗೆ ಶುರುವಾದಾಗಲೂ, ಅದು ಪ್ರಾಣೇಶನ ಕರ್ಮ, ತನ್ನದಲ್ಲ ಎಂದುಕೊಂಡರು.

ಈ ಆಷಾಢದಲ್ಲಿ ಅವರದೇ ಬಲಗಾಲಿನ ಎರಡನೆಯ ಬೆರಳಿಗೆ ಚಪ್ಪಲಿಯ ಮೊಳೆ ಚುಚ್ಚಿತು. ನೋವೇ ಆಗಲಿಲ್ಲ, ನಾಲ್ಕು ದಿನವಾದ ಮೇಲೆ ಹೆಂಡತಿ ಸುಂದರಾಬಾಯಿ ನೆಲದ ಮೇಲಿನ ಕಲೆ ನೋಡಿ ಹಿಡಿದಳು. ತಾರ್ನಾಕದ ಡಾಕ್ಟರಮ್ಮ ತೆಲುಗಿನವಳು, ಸಮಾಧಾನಿ. ಎರಡು ವಾರ ತಿಂದದ್ದನ್ನೆಲ್ಲ ಬರೆದು ತನ್ನಿ ಎಂದಳು. ಜಯತೀರ್ಥರು ಸ್ಟೋರಿನ ಶಿಸ್ತಿನಲ್ಲಿ ಗೆರೆ ಹೊಡೆದು ಬರೆದರು. ಅದನ್ನು ಓದಿ ಅವಳಿಗೆ ಕಣ್ಣು ಕತ್ತಲೆ. ವಾರದಲ್ಲಿ ನಾಲ್ಕು ದಿನ ನಿರಾಹಾರ, ಉಳಿದ ದಿನ ಎರಡು ಭಕ್ರಿ. ಹಕ್ಕಿಯಷ್ಟು ತಿನ್ನುವವನಿಗೆ ಈ ಹೊಟ್ಟೆ ಎಲ್ಲಿಂದ? ಸಕ್ಕರೆ ಮುನ್ನೂರು ದಾಟಿದ್ದು ಹೇಗೆ? ಪಕ್ಕದಲ್ಲಿದ್ದ ಸುಂದರಾಬಾಯಿ ಪುಸ್ತಕ ಕಸಿದುಕೊಂಡು ನೋಡಿದಳು. ಶ್ರಾದ್ಧದ ಒಂದೂಟವೂ ಅದರಲ್ಲಿ ಇರಲಿಲ್ಲ.

“ಅದು ನನ್ನ ಊಟ ಅಲ್ಲಲ್ಲ,” ಎಂದರು ಜಯತೀರ್ಥರು. “ಅದು ಪಿತೃಗಳದು.”

“ನಾಲಿಗಿ ಪಿತೃಗಳದು ಇರಬಹುದು. ಬೆರಳು ನಿಮ್ಮದು,” ಎಂದಳು ಸುಂದರಾಬಾಯಿ.

ಡಾಕ್ಟರಮ್ಮನಿಗೆ ಅವಳೇ ಹರಕು ಹಿಂದಿಯಲ್ಲಿ ಎಲ್ಲ ಬಿಡಿಸಿ ಹೇಳಿದಳು. ಉಪವಾಸದ ದಿನ ಗುಳಿಗೆ ತಗೊಂಡರೆ ಕೈ ನಡುಗುತ್ತದೆಂದು ಗುಳಿಗೆಯನ್ನೇ ಬಿಡುತ್ತಾರೆ ಎನ್ನುವುದನ್ನೂ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಮೂರು ವಾರ ಸಮಯ ಕೊಡುತ್ತೇನೆ ಎಂದಳು. ದಿನವೂ ಹೊತ್ತಿಗೆ ಸರಿಯಾಗಿ ಮಿತವಾದ ಊಟ, ಊಟದ ಜೊತೆ ಗುಳಿಗೆ, ಸೊಪ್ಪು ತರಕಾರಿ ಹೆಚ್ಚು, ಅನ್ನ ಕಡಿಮೆ, ಸಿಹಿ ಇಲ್ಲವೇ ಇಲ್ಲ. ಗಾಯ ಮಾಯುವ ತನಕ ಕೂತಲ್ಲೇ ಕೈಕಾಲು ಆಡಿಸುವುದು, ಮಾಯ್ದ ಮೇಲೆ ನಡಿಗೆ. ಸಕ್ಕರೆ ಇಳಿದು ಗಾಯ ಕೂಡಿದರೆ ಸರಿ. ಇಲ್ಲದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆಂದು ಹೇಳಲಾರೆ ಎಂದಳು.

ಸುಂದರಾಬಾಯಿಗೆ ಈ ರೋಗ ಹೊಸದಲ್ಲ. ರಾಯಚೂರಿನಲ್ಲಿ ಅವಳ ತಾಯಿ ಇದರಿಂದಲೇ ಲಕ್ವಾ ಹೊಡೆದು ನಾಲ್ಕು ತಿಂಗಳು ಮಲಗಿದ್ದಳು. ಸುಂದರಾಬಾಯಿ ಹಾಸಿಗೆಯ ಪಕ್ಕದಲ್ಲೇ ಕೂತಿದ್ದಳು. ಆ ನಾಲ್ಕು ತಿಂಗಳಲ್ಲಿ ತಾಯಿಯ ಬಾಯಿಂದ ಒಂದು ಮಾತು ಹೊರಡಲಿಲ್ಲ. ಏನೋ ಹೇಳಬೇಕೆಂದು ತುಟಿ ಆಡಿಸುತ್ತಿದ್ದಳು, ಹೇಳದೆಯೇ ಹೋದಳು. ಎರಡು ವರ್ಷವಾಗಿದೆ, ಈಗಲೂ ಅವಳು ಆ ತುಟಿಯ ಮಾತು ತೆಗೆದರೆ ಕೆಲಸ ಬಿಟ್ಟು ಕೂತುಬಿಡುತ್ತಾಳೆ.

ಅದಕ್ಕೇ ಅವಳು ಗಂಡನ ಬೆನ್ನು ಹತ್ತಿದಳು. ಆಗ ಚಾತುರ್ಮಾಸ್ಯದ ಮೊದಲ ತಿಂಗಳು, ತರಕಾರಿ ನಿಷಿದ್ಧ. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದಕ್ಕೆ ಹಾಲಿಲ್ಲ, ನಾಲ್ಕನೆಯದಕ್ಕೆ ಬೇಳೆಯಿಲ್ಲ. ಡಾಕ್ಟರಮ್ಮನ ಚೀಟಿ ಮತ್ತು ಪಂಚಾಂಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಪಂಚಾಂಗ ಬಿಟ್ಟುಕೊಡುವುದು ಅನ್ನ, ತುಪ್ಪ, ಬೆಲ್ಲ, ಚೀಟಿ ಬೇಡವೆನ್ನುವುದೂ ಅವನ್ನೇ. ಮದುವೆಯಾದಾಗಿನಿಂದ ಒಂದು ವ್ರತ ಬಿಡದವಳು ಅವತ್ತು ಮೆಂತ್ಯಪಲ್ಯ ಮಾಡಿ ತಟ್ಟೆಗೆ ಹಾಕಿದಳು. ಪಾಪ ತನಗಿರಲಿ ಎಂದಳು. ಜಯತೀರ್ಥರು ಕಣ್ಣುಮುಚ್ಚಿಕೊಂಡು ತಿಂದರು. ಕರೆ ಬಂದ ಐದು ಮನೆಗಳಿಗೆ ಊರಲ್ಲಿಲ್ಲ ಎಂದು ಅವಳೇ ಫೋನಿನಲ್ಲಿ ಸುಳ್ಳು ಹೇಳಿದಳು.

ಎರಡು ವಾರಕ್ಕೆ ಸಕ್ಕರೆ ನೂರಾ ತೊಂಬತ್ತಕ್ಕೆ ಇಳಿಯಿತು. ಬೆರಳಿನ ಅಂಚು ಕೆಂಪಗೆ ಚಿಗುರಿತು. ಹೊಟ್ಟೆ ಹಗುರಾದ ಮನುಷ್ಯನಿಗೆ ಬೆಳಿಗ್ಗೆ ಏಳುವಾಗ ಎಷ್ಟು ಹಿತವೆನ್ನುವುದು ಜಯತೀರ್ಥರಿಗೆ ಮರೆತೇಹೋಗಿತ್ತು. ಕಾಲು ವಾಸಿಯಾದ ಮೇಲೆ ಯೂನಿವರ್ಸಿಟಿಯ ಮರಗಳ ಕೆಳಗೆ ದಿನವೂ ನಡೆಯುತ್ತೇನೆ ಎಂದು ಹೆಂಡತಿಗೆ ಹೇಳಿದರು. ನಿಜವಾಗಿಯೂ ಆಸೆಯಿಂದಲೇ ಹೇಳಿದರು.

ಆಗ ಬಂದ ವಾದಿರಾಜ, ಪ್ರಾಣೇಶನ ಮಗ. ಕೊರಳಲ್ಲಿ ಆಫೀಸಿನ ಬಿಲ್ಲೆ ನೇತಾಡುತ್ತಿತ್ತು. ಶನಿವಾರ ಅಪ್ಪನ ಮೊದಲ ವರ್ಷದ ಶ್ರಾದ್ಧ, ಪಿತೃಸ್ಥಾನಕ್ಕೆ ಕಾಕಾ ನೀವೇ ಕೂರಬೇಕು ಎಂದು ಕಾಲು ಹಿಡಿದ. ಇಲ್ಲವೆನ್ನಲು ಬಾಯಿ ತೆರೆದ ಜಯತೀರ್ಥರು ಆಗಲೆಂದು ತಲೆಯಾಡಿಸಿದರು. ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ನಡೆದವನ ಎಲೆ. ಯಾವ ಬಾಯಿಂದ ಒಲ್ಲೆ ಎನ್ನುವುದು?

ಹುಡುಗ ಹೋದ ಮೇಲೆ ಸುಂದರಾಬಾಯಿ ಕ್ಯಾಲೆಂಡರಿನ ಮುಂದೆ ನಿಂತಳು. ಸೋಮವಾರ ಡಾಕ್ಟರಮ್ಮನ ಗಡುವು. ಶನಿವಾರ ಆ ಎಲೆ. ಕಡೆಗೆ ಅವಳೇ ಒಂದು ದಾರಿ ಹುಡುಕಿದಳು. ಮೈಮೇಲೆ ಗಾಯವಿದ್ದವನು ಬ್ರಾಹ್ಮಣಾರ್ಥಕ್ಕೆ ಬರುವುದಿಲ್ಲ. ಇದು ಜಯತೀರ್ಥರಿಗೂ ಗೊತ್ತಿತ್ತು. ಆಷಾಢದಲ್ಲಿ ಏಳೆಂಟು ಮನೆಗಳಲ್ಲಿ ಅವರು ಬೆರಳಿನ ಮೇಲೆ ಗೋಪೀಚಂದನ ಮೆತ್ತಿ, ಗಾಯ ಮುಚ್ಚಿಕೊಂಡು ಕೂತು ಬಂದಿದ್ದರು. ಈ ಸಲ ಮುಚ್ಚಬೇಡಿ ಎಂದಳು. ಕಾಲು ತೊಳೆಯುವಾಗ ಹುಡುಗ ನೋಡುತ್ತಾನೆ, ಮಂತ್ರ ಹೇಳಿಸುವ ಆಚಾರ್ಯರು ಬೇಡವೆನ್ನುತ್ತಾರೆ. ಆ ಜಾಗಕ್ಕೆ ದರ್ಭೆಯ ಗಂಟು ಇಟ್ಟರೂ ಶ್ರಾದ್ಧ ನಡೆಯುತ್ತದೆ, ಪ್ರಾಣೇಶನಿಗೆ ಕೊರತೆಯಾಗುವುದಿಲ್ಲ.

“ನೀವು ಒಲ್ಲೆ ಅನ್ನೂದು ಬ್ಯಾಡ,” ಎಂದಳು. “ಶಾಸ್ತ್ರನೇ ನಿಮ್ಮನ್ನ ಬಿಡಸ್ತದ.”

ಶನಿವಾರ ಕಾರು ಬಂತು. ಹಿಮಾಯತ್‌ನಗರದ ಆ ಮೂರನೆಯ ಮಹಡಿಯ ಮನೆಯ ಬಾಗಿಲಲ್ಲಿ ನೆಲ ಸಾರಿಸಿ ಗುಂಡಗೆ ಮಂಡಲ ಬರೆದಿದ್ದರು. ಜಯತೀರ್ಥರು ಅದರ ಮುಂದಿನ ಮಣೆಯ ಮೇಲೆ ಕೂತು ಬಲಗಾಲು ಚಾಚಿದರು. ಪಟ್ಟಿ ಇಲ್ಲ, ಗೋಪೀಚಂದನ ಇಲ್ಲ. ಅರೆ ಮಾಯ್ದ ಗಾಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ವಾದಿರಾಜ ತಂಬಿಗೆಯಿಂದ ನೀರು ಬಿಟ್ಟ. ಕೈ ಬೆರಳಿನ ಹತ್ತಿರ ಬಂದು ನಿಂತಿತು. ನೋಡಿದ, ಬಿಡುಗಡೆಯಾಯಿತು ಎಂದುಕೊಂಡರು ಜಯತೀರ್ಥರು. ನಾಚಿಕೆಯಾಯಿತು, ಸಂತೋಷವೂ ಆಯಿತು.

“ಆಚಾರ್ರ, ಇಲ್ಲಿ ನೋಡ್ರಿ,” ಎಂದ ವಾದಿರಾಜ. “ಬಲಗಾಲು, ಎರಡನೇ ಬೆರಳು. ಅಪ್ಪಂದೂ ಇಲ್ಲೇ ಇತ್ತು.”

ಹಾಗೆಂದವನೇ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಒಳಗಿನಿಂದ ಅವನ ತಾಯಿ ಅಂಬುಬಾಯಿ ಬಂದು, ಬಾಗಿಲ ಮರೆಯಲ್ಲಿ ನಿಂತು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ಬಂದಾನ ಅವ್ವಾ, ಅಪ್ಪನೇ ಬಂದಾನ ಎಂದು ಹುಡುಗ ಅಳತೊಡಗಿದ. ಜಯತೀರ್ಥರು ಆಚಾರ್ಯರ ಮುಖ ನೋಡಿದರು. ಆಚಾರ್ಯರಿಗೆ ಅವತ್ತು ಇನ್ನೊಂದು ಮನೆಯಿತ್ತು. ಬಗ್ಗಿ ನೋಡಿದರು, ರಕ್ತವಿಲ್ಲ, ಕೀವಿಲ್ಲ, ನಡೆಯುತ್ತದೆ ಎಂದರು. ಶಾಸ್ತ್ರ ಬಿಡಿಸಲಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಶ್ರಾದ್ಧದ ಎಲೆಯ ಮುಂದೆ ಕೂತವನಿಗೆ ಎರಡೂ ಕೈಯಲ್ಲಿಲ್ಲ. ಬಡಿಸಿದ್ದನ್ನು ಉಣ್ಣಬೇಕು, ಮೌನವಾಗಿ ಉಣ್ಣಬೇಕು, ನಡುವೆ ಏಳಬಾರದು. ಎದ್ದರೆ ಶ್ರಾದ್ಧ ಕೆಟ್ಟಿತು. ಬೇಡವೆಂದರೆ ಎಲೆಗೆ ಕೈ ಅಡ್ಡ ಹಿಡಿಯಬಹುದು, ಅಷ್ಟೇ.

ದೇವತೆಗಳ ಎಲೆಯ ಮುಂದೆ ಕೂರಲು ಯಾರೂ ಸಿಗದೆ ದರ್ಭೆಯ ಗಂಟು ಇಟ್ಟಿದ್ದರು. ಮೊದಲ ಸುತ್ತನ್ನು ಜಯತೀರ್ಥರು ಜಾಣತನದಿಂದ ದಾಟಿದರು. ಅನ್ನ ಕೆದಕಿದರು, ವಡೆ ಮುರಿದರು, ಸಿಹಿಯನ್ನು ಅಂಚಿಗೆ ಸರಿಸಿದರು. ಆಗ ವಾದಿರಾಜ ಹಯಗ್ರೀವದ ಪಾತ್ರೆ ಹಿಡಿದು ಎದುರಿಗೆ ಕೂತ. ಕಡಲೆಬೇಳೆ, ಬೆಲ್ಲ, ಒಣಕೊಬ್ಬರಿ, ತುಪ್ಪದಲ್ಲಿ ಮುಳುಗಿದ ಹಯಗ್ರೀವ. ಪ್ರಾಣೇಶನಿಗೆ ಜೀವ ಅದು.

“ಎರಡು ವರ್ಷ ನಾನು ಸಕ್ಕರಿ ಡಬ್ಬಿಗೆ ಕೀಲಿ ಹಾಕಿದ್ದೆ ಕಾಕಾ,” ಎಂದ ಹುಡುಗ. “ಕಾಲು ತಗದ ಮ್ಯಾಲೆ ಒಂದಿನ ಅಪ್ಪ ಕೈ ಮುಗದು ಕೇಳಿದ, ಒಂದು ಚಮಚ ಹಯಗ್ರೀವ ಕೊಡಸೋ ಅಂತ. ನಾ ಒದರಿಬಿಟ್ಟೆ. ಇವತ್ತು ಉಣ್ಲಿ.”

ಅವನು ಬಡಿಸಿದ. ಜಯತೀರ್ಥರು ಉಂಡರು. ಮತ್ತೆ ಬಡಿಸಿದ. ಅವರು ಕೈ ಅಡ್ಡ ಹಿಡಿದರು. ಹುಡುಗ ಆ ಕೈಯನ್ನು ತನ್ನ ಎಡಗೈಯಿಂದ ಮೆಲ್ಲಗೆ ಎತ್ತಿ ಬದಿಗಿಟ್ಟು ಮತ್ತೆ ಬಡಿಸಿದ. ಅಪ್ಪನೂ ಹೀಗೇ ಸಂಕೋಚ ಮಾಡುತ್ತಿದ್ದ ಎಂದು ಅತ್ತ. ಬಿಸಿ ತುಪ್ಪ, ಉಗುಳುವಂತಿಲ್ಲ ನುಂಗುವಂತಿಲ್ಲ ಎಂದು ಜನ ಸುಮ್ಮನೆ ಆಡುವ ಮಾತು ಜಯತೀರ್ಥರ ಬಾಯೊಳಗೇ ಇತ್ತು. ನುಂಗಿದರು. ಎರಡು ವಾರ ಮೆಂತ್ಯಪಲ್ಯ ತಿಂದ ನಾಲಿಗೆಗೆ ಅದು ಅಮೃತದಂತೆ ರುಚಿಸಿತು. ಅದೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾಲ್ಕನೆಯ ಸಲಕ್ಕೆ ಬೆನ್ನಿನಲ್ಲಿ ಬೆವರು ಇಳಿಯಿತು. ಐದನೆಯ ಸಲಕ್ಕೆ ಗೋಡೆ ಅಲುಗಿದಂತಾಯಿತು. ಎದ್ದು ಓಡಬೇಕೆನಿಸಿತು. ಎಲ್ಲಿಗೆ ಓಡುವುದು? ಮುಂದೆ ಎಲೆ, ಹಿಂದೆ ಗೋಡೆ, ಬಾಗಿಲಲ್ಲಿ ಕೈಮುಗಿದ ಅಂಬುಬಾಯಿ. ಹುಡುಗ ಮತ್ತೆ ಸೌಟು ಎತ್ತಿದ.

“ಸಾಕೋ ವಾದ್ಯಾ. ಹೊಟ್ಟಿ ತುಂಬ್ತು,” ಎಂದುಬಿಟ್ಟರು ಜಯತೀರ್ಥರು.

ಮೌನ ಮುರಿದಿತ್ತು. ಬೇಕೆಂದು ಆಡಿದ ಮಾತಲ್ಲ. ಇಪ್ಪತ್ತೆಂಟು ವರ್ಷ ನಾಚಾರಂ ದಾರಿಯಲ್ಲಿ ಕೇಳಿದ ಹೆಸರು ತಾನಾಗಿ ಬಾಯಿಗೆ ಬಂದಿತ್ತು. ಆದರೆ ಆ ಹೆಸರಿನಿಂದ ಆ ಹುಡುಗನನ್ನು ಕರೆಯುತ್ತಿದ್ದವನು ಒಬ್ಬನೇ. ಸೌಟು ಕೆಳಗೆ ಬಿತ್ತು. ಅಂಬುಬಾಯಿ ಅಲ್ಲೇ ನೆಲಕ್ಕೆ ಕುಸಿದು, ಅಂದ್ರಲ್ಲಾ, ಸಾಕು ಅಂದ್ರಲ್ಲಾ ಎಂದು ಹಣೆ ಹಣೆ ಬಡಿದುಕೊಂಡಳು. ಮಂತ್ರ ಹೇಳುತ್ತಿದ್ದ ಆಚಾರ್ಯರು ಕೂಡ ತಪ್ಪಾಯಿತು ಎನ್ನಲಿಲ್ಲ, ಕಣ್ಣೊರೆಸಿಕೊಂಡರು. ವಾದಿರಾಜ ಎಲೆಯ ಮುಂದೆ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡಿದ. ಅದು ನಾನಪ್ಪಾ ಅಂದದ್ದು ಎಂದು ಹೇಳಲು ಜಯತೀರ್ಥರಿಗೆ ಧೈರ್ಯ ಬರಲಿಲ್ಲ. ಹೇಳುವುದಾದರೂ ಯಾಕೆ? ಒಂದು ವರ್ಷದಿಂದ ಎದೆಯ ಮೇಲಿದ್ದ ಕಲ್ಲನ್ನು ಇಳಿಸಿಕೊಂಡ ಹುಡುಗನ ಮುಖ ಅವರ ಎದುರಿಗಿತ್ತು.

ಹೊರಡುವಾಗ ದಾನಕ್ಕೆ ಒಂದು ಜೊತೆ ಪಾದರಕ್ಷೆ ಕೊಟ್ಟ. ನೀಲಿ ಬಣ್ಣದ್ದು, ಸಕ್ಕರೆ ರೋಗದವರಿಗೆಂದೇ ಅಳತೆ ಕೊಟ್ಟು ಮಾಡಿಸುವ ಮೆತ್ತನೆಯ ಚಪ್ಪಲಿ. ಅಪ್ಪನಿಗೆಂದು ಮಾಡಿಸಿದ್ದು, ಕಾಲು ತೆಗೆದ ಮೂರನೆಯ ದಿನ ಮನೆಗೆ ಬಂದವು, ಒಂದು ಸಲವೂ ಮೆಟ್ಟಲಿಲ್ಲ ಎಂದ. ಜಯತೀರ್ಥರು ಕಾಲು ಹಾಕಿದರು. ಸರಿಯಾಗಿ ಕೂತವು. ಎಷ್ಟೋ ತಿಂಗಳ ಮೇಲೆ ಪಾದಕ್ಕೆ ಸುಖವೆನಿಸಿತು.

ಮನೆಗೆ ಬಂದಾಗ ನಾಲ್ಕೂವರೆ. ಸುಂದರಾಬಾಯಿ ಬಾಗಿಲಲ್ಲೇ ಅವರ ಮುಖ ನೋಡಿ ಅರ್ಥಮಾಡಿಕೊಂಡಳು. ಕುರ್ಚಿಯ ಮೇಲೆ ಕೂರಿಸಿ, ಕಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡು, ಬೆರಳನ್ನು ಔಷಧದ ನೀರಿನಿಂದ ಒರೆಸತೊಡಗಿದಳು. ಬೆಳಗಿನಿಂದ ನೀರಿನಲ್ಲಿ ನೆನೆದು ಅಂಚಿನ ಕೆಂಪು ಬೆಳ್ಳಗಾಗಿತ್ತು. ಜಯತೀರ್ಥರು ಆದದ್ದನ್ನೆಲ್ಲ ಹೇಳಿದರು. ಇದೇ ಕೊನೆ, ದೇವರಾಣೆ ಇನ್ನು ಯಾವ ಮನೆಗೂ ಹೋಗುವುದಿಲ್ಲ ಎಂದರು. ಈ ಸಲ ಮನಸ್ಸಿಟ್ಟು ಹೇಳಿದರು. ನಾಳೆ ಭಕ್ರಿ, ಪಲ್ಯ, ಹೊತ್ತಿಗೆ ಸರಿಯಾಗಿ ಗುಳಿಗೆ. ಸೋಮವಾರ ಡಾಕ್ಟರಮ್ಮನ ಕಾಲು ಹಿಡಿದಾದರೂ ಇನ್ನೆರಡು ವಾರ ಕೇಳೋಣ.

ಸುಂದರಾಬಾಯಿ ತಲೆ ಎತ್ತದೆ ಕೇಳುತ್ತಿದ್ದಳು. ಆಮೇಲೆ ಹೇಳಿದಳು. ಅಂಬುಬಾಯಿ ತನ್ನ ಭಜನಾ ಮಂಡಳಿಯವರಿಗೆಲ್ಲ ಆಗಲೇ ಫೋನ್ ಮಾಡಿದ್ದಾಳಂತೆ, ಜಯತೀರ್ಥರು ಎಲೆಯ ಮುಂದೆ ಕೂತರೆ ಹೋದವರು ಬಂದು ಮಾತಾಡುತ್ತಾರೆ ಅಂತ. ಮುಂದಿನ ತಿಂಗಳ ಪಿತೃಪಕ್ಷಕ್ಕೆ ಒಂದು ತಾಸಿನಲ್ಲಿ ಒಂಬತ್ತು ಮನೆಯ ಕರೆ ಬಂದಿವೆ. ಎಂಟು ಮನೆಗೆ ಆಗುವುದಿಲ್ಲ ಎಂದು ಖಡಾಖಂಡಿತ ಹೇಳಿಬಿಟ್ಟಿದ್ದಾಳೆ.

“ಒಂಬತ್ತನೇದು ಯಾರದು?” ಎಂದರು ಜಯತೀರ್ಥರು.

ಅವಳು ಬೆರಳಿಗೆ ಹತ್ತಿ ಇಟ್ಟು, ಪಟ್ಟಿಯನ್ನು ಒಂದು ಸುತ್ತು ಸುತ್ತಿದಳು, ಎರಡು ಸುತ್ತು ಸುತ್ತಿದಳು. ಕೈ ನಿಂತಿತು.

“ನನ್ನ ತಮ್ಮಂದು, ರಾಯಚೂರಿಂದ,” ಎಂದಳು. “ನಮ್ಮವ್ವನ ತಿಥಿ ಇಲ್ಲೇ, ನಮ್ಮ ಮನ್ಯಾಗೇ ಮಾಡ್ತಾನಂತ. ಒಂದೇ ಸಲ ಕೂಡ್ರಿ. ಸಿಹಿ ನಾನೇ ಮಾಡ್ತೀನಿ, ಕಡಿಮಿ ಹಾಕ್ತೀನಿ. ಅಕಿ ಏನು ಹೇಳಬೇಕಂತಿದ್ಲೋ ಏನೋ.”

ಜಯತೀರ್ಥರು ಹೆಂಡತಿಯ ನೆತ್ತಿಯನ್ನು ನೋಡುತ್ತ ಕೂತರು. ಕಾಲು ಅವಳ ಮಡಿಲಲ್ಲಿತ್ತು, ಎಳೆದುಕೊಳ್ಳಲು ಆಗಲಿಲ್ಲ. ಬಾಗಿಲಲ್ಲಿ ಪ್ರಾಣೇಶನ ನೀಲಿ ಚಪ್ಪಲಿಗಳು ಜೋಡಿಯಾಗಿದ್ದವು.

“ನಿಮ್ಮವ್ವಗ ಏನು ಸೇರ್ತಿತ್ತು?” ಎಂದು ಕೇಳಿದರು.